ಸದಾ ಸಿದ್ಧ, ಸದಾ ಇಚ್ಛುಕ

ನಾನು ಜೀವನದಲ್ಲಿ ಯಾವುದಕ್ಕೂ ಹೊತ್ತಿಗೆ ಸರಿಯಾಗಿ ತಯಾರಾದವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಹಾಗೆಂದು ತೀರಾ ನಾಚಿಕೆಯೂ ಇಲ್ಲ. ಕೆಲವರಿಗೆ ಹುಟ್ಟಿನಿಂದಲೇ ಎತ್ತರ ಕಡಿಮೆ, ಕೆಲವರಿಗೆ ಕೂದಲು ಕಡಿಮೆ, ನನಗೆ ಹೊತ್ತು ಕಡಿಮೆ. ಶಾಲೆಯ ಗಂಟೆ ಬಾರಿಸುವಾಗ ನನ್ನ ಒಂದು ಕೆನ್ನೆಯ ಕ್ಷೌರ ಮುಗಿದು ಇನ್ನೊಂದರ ಮೇಲೆ ನೊರೆ ಇರುತ್ತದೆ. ಹಡಗಲಿಯಲ್ಲಿ ನನ್ನ ಮದುವೆಯ ದಿನ ಅಯ್ಯನವರು ಅಕ್ಷತೆ ಹಿಡಿದು ಕುಳಿತಿದ್ದರೆ, ನಾನು ಒಳಗೆ ಪಂಚೆ ಸರಿಯಾಗಲಿಲ್ಲವೆಂದು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದೆ. ಮುಹೂರ್ತವನ್ನು ಸ್ವಲ್ಪ ಮುಂದಕ್ಕೆ ಎಳೆಯಲು ಅವರು ಪಂಚಾಂಗದಲ್ಲಿ ಏನೋ ದಾರಿ ಹುಡುಕಿದರಂತೆ. ದೇವರು ಒಪ್ಪಿದನೋ ಇಲ್ಲವೋ ಗೊತ್ತಿಲ್ಲ, ನಮ್ಮ ಮಾವ ಒಪ್ಪಿದರು. ಇಂಥ ನನ್ನನ್ನು ‘ಸದಾ ಸಿದ್ಧನೂ ಸದಾ ಇಚ್ಛುಕನೂ ಆದ ಮನುಷ್ಯ’ ಎಂದು ಕೋರ್ಟು ತೀರ್ಮಾನಿಸಿದೆ. ಬಾಯಿಮಾತಿನಲ್ಲಿ ಅಲ್ಲ, ಮೊಹರು ಒತ್ತಿದ ಕಾಗದದ ಮೇಲೆ. ಅದು ಹೇಗಾಯಿತು ಎಂಬುದನ್ನು ಹೇಳದೆ ಇದ್ದರೆ ನನ್ನನ್ನು ಬಲ್ಲವರು ಆ ಕೋರ್ಟಿನ ಬಗ್ಗೆ ಏನೇನೋ ಅಂದುಕೊಂಡಾರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಕೊಟ್ಟೂರಿನಲ್ಲಿ ಗಣಿತದ ಮೇಷ್ಟ್ರು. ಇಷ್ಟು ವೇಗದಲ್ಲಿ ಹೊರಟ ರೈಲು ಎಷ್ಟು ಹೊತ್ತಿಗೆ ಊರು ಮುಟ್ಟುತ್ತದೆ ಎಂದು ಹುಡುಗರಿಗೆ ಲೆಕ್ಕ ಕೊಡುತ್ತಿದ್ದೆನೇ ಹೊರತು, ಸ್ಟೇಷನ್ನಿಗೆ ಹೋಗಿ ಒಂದು ರೈಲನ್ನೂ ಹಿಡಿದವನಲ್ಲ. ನಾವಿದ್ದದ್ದು ಬಾಡಿಗೆ ಮನೆ. ಮಾಲೀಕರ ಸಂಸಾರ ಮುಂದಿನ ಭಾಗದಲ್ಲಿ, ಅವರ ಬಾವಿ, ಬಚ್ಚಲು, ಎಮ್ಮೆ ಎಲ್ಲ ಹಿತ್ತಲಲ್ಲಿ, ನಡುವೆ ನಾವು. ಹಿತ್ತಲಿಗೆ ಬೇರೆ ದಾರಿ ಇಲ್ಲದ್ದರಿಂದ ಎಮ್ಮೆಯೊಂದನ್ನು ಬಿಟ್ಟು ಆ ಮನೆಯ ಸಮಸ್ತರೂ ನಮ್ಮ ಅಡಿಗೆಮನೆಯೊಳಗಿಂದಲೇ ಹಾದುಹೋಗುತ್ತಿದ್ದರು. ಸುಮ್ಮನೆ ಹಾದುಹೋಗುತ್ತಿರಲಿಲ್ಲ. ಮಾಲೀಕರ ತಾಯಿ ಒಲೆಯ ಮುಂದೆ ನಿಂತು ಮುಚ್ಚಳ ಎತ್ತಿ, “ಇವತ್ತೂ ಪುಂಡಿಪಲ್ಯನ?” ಎಂದು ಕೇಳಿ ಮುಂದೆ ಹೋಗುವರು. ಮಾಲೀಕರು ಸ್ವತಃ ಟವೆಲು ಸುತ್ತಿಕೊಂಡು ಬಚ್ಚಲಿಗೆ ಹೋಗುವಾಗ ನನ್ನ ಹೆಂಡತಿ ಸರೋಜ ಕೈಯಲ್ಲಿ ರೊಟ್ಟಿಯ ಹಿಟ್ಟು ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಲ್ಲುವಳು. ಅವಳು ಒಡವೆ ಕೇಳಿದವಳಲ್ಲ, ಊರು ತೋರಿಸೆಂದವಳಲ್ಲ. ಒಂದು ದಿನ ಮಾತ್ರ ಹೀಗೆ ಗೋಡೆ ನೋಡುತ್ತಲೇ ಹೇಳಿದಳು, “ಯಾರೂ ಹಾದುಹೋಗದ ಒಂದು ಅಡಿಗಿಮನಿ ಮಾಡಿಕೊಡ್ರಿ ನನಗ. ಮತ್ತೇನೂ ಕೇಳಲ್ಲ.” ಆ ಮಾತು ಕೇಳಿ ನನಗೆ ಜೀವನದಲ್ಲಿ ಮೊದಲ ಸಲ ಒಂದು ಕೆಲಸವನ್ನು ಬೇಗ ಮಾಡಬೇಕು ಅನ್ನಿಸಿತು.

ಜಾಗ ಸಿಕ್ಕಿದ್ದು ಚನ್ನಬಸಪ್ಪನವರದು. ಶೇಂಗಾ ವ್ಯಾಪಾರಿ, ಊರ ಅಂಚಿನಲ್ಲಿ ಅವರ ಮನೆ, ಮನೆಯ ಪಕ್ಕ ಶೇಂಗಾ ಒಣಗಿಸುವ ಕಣ, ಕಣದಾಚೆ ಖಾಲಿ ಬಿದ್ದಿದ್ದ ತುಂಡು ನೆಲ. ಮಾತು ಕುದುರಿ, ಕರಾರು ಬರೆದು, ಮುಂಗಡ ಕೊಟ್ಟದ್ದಾಯಿತು. ಉಳಿದದ್ದನ್ನು ಕೊಟ್ಟ ದಿನ ಅವರು ಕೂಡ್ಲಿಗಿಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಪತ್ರ ಮಾಡಿಕೊಡಬೇಕು, ಇಷ್ಟೇ ಕರಾರು. ಕರಾರಾದ ಸಂಜೆಯೇ ಸರೋಜ ಹೋಗಿ ಆ ಜಾಗದ ಮೂಲೆಯಲ್ಲಿ ಒಂದು ನುಗ್ಗೆಯ ಕೊಂಬೆ ನೆಟ್ಟು ಬಂದಳು. “ಇನ್ನೂ ರಿಜಿಸ್ಟ್ರಿ ಆಗಿಲ್ಲಲ್ಲೇ” ಎಂದೆ. “ಅದು ಬೇರು ಬಿಡೂದರಾಗ ಆಗ್ತೈತಿ ತಗೋರಿ” ಎಂದಳು. ನಮ್ಮ ಮದುವೆಯಾಗಿ ಆಗಿನ್ನೂ ಕೆಲವೇ ವರ್ಷವಾಗಿತ್ತು, ಅವಳು ನನ್ನನ್ನು ಪೂರ್ತಿ ತಿಳಿದಿರಲಿಲ್ಲ.

ಗೊತ್ತುಮಾಡಿದ ದಿನ ಚನ್ನಬಸಪ್ಪನವರು ಬೆಳಿಗ್ಗೆಯ ಬಸ್ಸಿಗೆ ಹೋಗಿ, ಕಿಟಕಿಯಿಂದ ಟವೆಲು ಒಗೆದು ನನಗೊಂದು ಸೀಟು ಹಿಡಿದು ಕುಳಿತಿದ್ದರು. ನಾನು ಮನೆಯಲ್ಲಿ ಹಣದ ಚೀಲವನ್ನು ಅಂಗಿಯ ಒಳಗೆ ಕಟ್ಟಿಕೊಂಡರೆ ಹೊಟ್ಟೆ ಬಂದವನಂತೆ ಕಾಣುತ್ತೇನೆಯೋ, ಹೊರಗೆ ಹಿಡಿದರೆ ಕಳ್ಳರ ಕಣ್ಣಿಗೆ ಬೀಳುತ್ತೇನೆಯೋ ಎಂದು ಕನ್ನಡಿಯ ಮುಂದೆ ಎರಡೂ ಮಾಡಿ ನೋಡುತ್ತಿದ್ದೆ. ಬಸ್ಸು ಹೋಯಿತು. ಮುಂದಿನ ಬಸ್ಸು ಎಲ್ಲೋ ಕೆಟ್ಟು ನಿಂತಿತ್ತು. ಕೊನೆಗೆ ಒಂದು ಶೇಂಗಾ ಲಾರಿಯ ಮೇಲೆ ಚೀಲಗಳ ನಡುವೆ ಕುಳಿತು ಕೂಡ್ಲಿಗಿ ಮುಟ್ಟಿದಾಗ ಕಚೇರಿಯ ಜವಾನ ಬೀಗ ಹಾಕಿ ಎಳೆದು ನೋಡುತ್ತಿದ್ದ. ಕಟ್ಟೆಯ ಮೇಲೆ ಬೆಳಗಿನಿಂದ ಕಾದು ಕುಳಿತಿದ್ದ ಚನ್ನಬಸಪ್ಪನವರು ಒಂದು ಮಾತು ಬೈಯಲಿಲ್ಲ. “ಇರ್ಲಿ ಬರ್ರಿ ಮೇಷ್ಟ್ರ, ಟೀ ಕುಡ್ಯಾಣು. ಬರೂ ವಾರ ಮಾಡಿದ್ರಾತು” ಎಂದರು. ಅವರು ಬೈದು ಮರುದಿನವೇ ಪತ್ರ ಮಾಡಿಕೊಟ್ಟಿದ್ದರೆ ಚೆನ್ನಾಗಿತ್ತು.

ಏಕೆಂದರೆ ಆ ಒಂದು ವಾರದಲ್ಲಿ ಊರಿನಲ್ಲಿ ಗುಲ್ಲೆದ್ದಿತು. ಹೊಸ ಬಸ್ ಸ್ಟ್ಯಾಂಡು ಚನ್ನಬಸಪ್ಪನವರ ಕಣದ ಎದುರಿಗೇ ಬರುತ್ತದಂತೆ, ಆ ಕಡೆಯ ನೆಲದ ಬೆಲೆ ಏರುತ್ತದಂತೆ. ಯಾರೋ ಇಬ್ಬರು ಅಳತೆಯ ಸರಪಳಿ ಹಿಡಿದು ಆ ಕಡೆ ಓಡಾಡಿದ್ದನ್ನು ಇಡೀ ಊರು ಕಂಡಿತ್ತು. ವಾರ ಕಳೆದು ಹೋಗಿ ಕೇಳಿದರೆ, “ಆಷಾಢ ನೋಡ್ರಿ” ಎಂದರು. ಆಷಾಢ ಕಳೆದರೆ ಶ್ರಾವಣ ಬಂತು, ಶ್ರಾವಣದಲ್ಲಿ ಸೋಮವಾರ ಬಂತು, ಆಮೇಲೆ ಶೇಂಗಾ ಕೀಳುವ ಕಾಲ, ಆಮೇಲೆ ಯಾರದೋ ಸೂತಕ. ಒಂದು ದಿನ ನಾನು ಧೈರ್ಯ ಮಾಡಿ, “ಕೊಡುವುದಿಲ್ಲ ಅಂತ ಹೇಳಿಬಿಡಿ ಚನ್ನಬಸಪ್ಪನವರೆ” ಎಂದೆ. ಅವರು ನೊಂದುಕೊಂಡರು. “ಛೆ, ನಾ ಕೊಡಲ್ಲ ಅಂದಿಲ್ರಿ ಮೇಷ್ಟ್ರ. ಈಗ ಕೊಡಲ್ಲ ಅಂದೀನಿ.”

ಕೂಡ್ಲಿಗಿಯ ವಕೀಲರೊಬ್ಬರ ಬಳಿ ಹೋದೆ. ಅವರು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ ಹೇಳಿದರು: ಮಾರುತ್ತೇನೆಂದು ಕರಾರು ಬರೆದವನಿಂದ ಕೋರ್ಟು ಮಾರಿಸಿಯೇ ಮಾರಿಸುತ್ತದೆ. ಆದರೆ ಅದಕ್ಕೊಂದು ಷರತ್ತು. ಕೊಳ್ಳುವವನು ಕರಾರಾದ ದಿನದಿಂದ ತೀರ್ಪಿನ ದಿನದವರೆಗೆ ಸದಾ ಸಿದ್ಧನೂ ಸದಾ ಇಚ್ಛುಕನೂ ಆಗಿರಬೇಕು. ಒಂದು ದಿನ ತಯಾರಿಲ್ಲ ಅಂತಾದರೂ ದಾವೆ ಬಿದ್ದುಹೋಗುತ್ತದೆ. ನಾನು ತಲೆ ತಗ್ಗಿಸಿ, “ಬೇರೆ ಯಾವುದಾದರೂ ಷರತ್ತು ಇಲ್ಲವೇ?” ಎಂದು ಕೇಳಿದೆ. ಮನೆಗೆ ಬಂದು ಸರೋಜಳಿಗೆ ಅವರು ಬರೆದುಕೊಟ್ಟ ಅರ್ಜಿಯ ಆ ವಾಕ್ಯ ಓದಿ ಹೇಳಿದೆ. ಎಷ್ಟೋ ತಿಂಗಳಿಂದ ಮುಖ ಬಾಡಿಸಿಕೊಂಡಿದ್ದವಳು ಒಲೆಯ ಮುಂದೆ ಕುಳಿತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. “ಹಂಗಾರ ನನ್ನ ಅಡಿಗಿಮನಿ ಹೋತು ತಗೋರಿ” ಎಂದಳು. ಅಷ್ಟರಲ್ಲಿ ಮಾಲೀಕರ ತಾಯಿ ಹಾದುಹೋಗುತ್ತಿದ್ದವರು, “ಯಾಕವ್ವ, ಉಳ್ಳಾಗಡ್ಡಿ ಹೆಚ್ಚಿದ್ಯಾ?” ಎಂದು ಕೇಳಿದರು.

ದಾವೆ ಶುರುವಾಯಿತು. ನಾನು ವಾದಿ, ಚನ್ನಬಸಪ್ಪನವರು ಪ್ರತಿವಾದಿ. ವಾದಿ ಪ್ರತಿವಾದಿ ಎಂದರೆ ಬದ್ಧ ವೈರಿಗಳು ಎಂದು ದೊಡ್ಡ ಊರಿನವರು ತಿಳಿದಿರಬಹುದು. ಕೊಟ್ಟೂರಿನಿಂದ ಕೂಡ್ಲಿಗಿಗೆ ಕೋರ್ಟಿನ ಹೊತ್ತಿಗೆ ಸರಿಯಾಗಿ ಮುಟ್ಟುವ ಬಸ್ಸು ಒಂದೇ. ವೈರ ಮಾಡಬೇಕೆಂದರೆ ಯಾರಾದರೂ ಒಬ್ಬರು ನಡೆದುಕೊಂಡು ಹೋಗಬೇಕು. ಮೊದಲ ವಾಯಿದೆಯ ದಿನ ನಾನು ಎಂದಿನಂತೆ ಓಡುತ್ತ ಬಂದರೆ ಬಸ್ಸು ಹೊರಟು ನಿಂತು ಗುರುಗುಡುತ್ತಿತ್ತು. ಬಾಗಿಲಲ್ಲಿ ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ಚನ್ನಬಸಪ್ಪನವರು ನಿಂತಿದ್ದರು. “ತಡಿಯಪ್ಪ, ಮೇಷ್ಟ್ರು ಬರಾಕತ್ಯಾರ” ಎಂದು ಕಂಡಕ್ಟರನಿಗೆ ಹೇಳುತ್ತಿದ್ದರು. ಒಳಗೆ ಅವರ ಪಕ್ಕದ ಸೀಟಿನ ಮೇಲೆ ಟವೆಲು. ಅದೇ ಟವೆಲು. ನಾನು ಸಂಕೋಚದಿಂದ ಕುಳಿತೆ. ಹಿಂದಿನ ಬಾರಿ ನನ್ನನ್ನು ಬಿಟ್ಟುಹೋದದ್ದು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತೋ ಏನೋ, ಅಂದಿನಿಂದ ಪ್ರತಿ ವಾಯಿದೆಗೂ ಇದೇ ಕ್ರಮವಾಯಿತು. ನನ್ನ ಮೇಲೆ ದಾವೆ ಗೆಲ್ಲಲು ಹೊರಟ ಮನುಷ್ಯ ನನಗಾಗಿ ಬಸ್ಸು ನಿಲ್ಲಿಸುವುದು. ದಾರಿಯುದ್ದಕ್ಕೂ ಇಬ್ಬರೂ ಶೇಂಗಾ ಸುಲಿದು ತಿಂದು, ಕೂಡ್ಲಿಗಿಯಲ್ಲಿ ಇಳಿದ ಮೇಲೆ ಸಿಪ್ಪೆ ಕೊಡವಿಕೊಂಡು, ಬೇರೆ ಬೇರೆ ಬದಿಯಿಂದ ಕೋರ್ಟಿನ ಆವರಣ ಹೊಗುವುದು. ಇದು ನಮ್ಮ ವಕೀಲರ ಸಲಹೆ, ನೋಡಿದವರು ಏನು ತಿಳಿದಾರು ಎಂದು. ಕಂಡಕ್ಟರನಂತೂ ಎರಡೂ ಟಿಕೀಟನ್ನು ಒಬ್ಬರ ಕೈಗೇ ಕೊಡುತ್ತಿದ್ದ.

ಇತ್ತ ನುಗ್ಗೆ ಬೇರು ಬಿಟ್ಟು, ಎತ್ತರವಾಗಿ, ಕಾಯಿಯೂ ಬಿಟ್ಟಿತು. ಕೋರ್ಟಿನ ವೇಗ ಅದಕ್ಕೆ ತಿಳಿದಿರಲಿಲ್ಲ. ಚನ್ನಬಸಪ್ಪನವರ ಹೆಂಡತಿ ಗಂಗಮ್ಮ ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯ ಕಡೆಯ ಹೆಣ್ಣುಮಗಳು, ಬಾಯಿ ಜೋರು, ಕೈ ಇನ್ನೂ ಜೋರು. ಮೊದಲ ಕಾಯಿಗಳನ್ನು ಒಂದು ಡಬರಿ ಪಾತ್ರೆಯಲ್ಲಿ ಹಾಕಿಕೊಂಡು ನಮ್ಮ ಅಡಿಗೆಮನೆಗೆ ಬಂದು, “ನೀ ಹಚ್ಚಿದ ಗಿಡ, ನೀ ಮೊದ್ಲು ತಿನ್ನವ್ವ. ಕೋರ್ಟು ಗಂಡಸರದು” ಎಂದು ಇಟ್ಟುಹೋದರು. ನಾನು ವಕೀಲರಿಗೆ ಹೇಳಿದೆ. ಅವರು ಹೌಹಾರಿದರು. ತೆಗೆದುಕೊಂಡರೆ ಗಿಡ ಅವರದೆಂದು ನೀವು ಒಪ್ಪಿದಂತೆ, ಕೂಡಲೇ ಹಿಂದಿರುಗಿಸಿ ಎಂದರು. ಆ ಹೊತ್ತಿಗೆ ಸಾಕ್ಷ್ಯವನ್ನು ನಾವು ಸಾರು ಮಾಡಿ ಉಂಡಾಗಿತ್ತು. ಉಳಿದದ್ದು ಡಬರಿ. ಖಾಲಿ ಡಬರಿ ಯಾರ ಮನೆಗೂ ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಆದ್ದರಿಂದ ಸರೋಜ ಅದರಲ್ಲಿ ಶೇಂಗಾ ಹೋಳಿಗೆ ಹಾಕಿ ಕಳಿಸಿದಳು. ಅವರಾದರೂ ಅದನ್ನು ಖಾಲಿ ಇಡುವುದು ಹೇಗೆ? ದಾವೆ ನಡೆದಷ್ಟು ಕಾಲವೂ ಆ ಡಬರಿ ಎರಡು ಮನೆಗಳ ನಡುವೆ ಓಡಾಡಿತು. ಅದು ಯಾರ ಡಬರಿ ಎಂದು ಈಗ ಕೇಳಿದರೆ ಅದಕ್ಕೇ ಇನ್ನೊಂದು ದಾವೆ ಹೂಡಬೇಕಾದೀತು.

ನಾನು ಸಾಕ್ಷಿ ಹೇಳುವ ದಿನ ಬಂತು. ನಮ್ಮ ವಕೀಲರೇ ಈಗಾಗಲೇ ಎರಡು ಸಲ ಮುಂದೂಡಿಸಿಕೊಂಡಿದ್ದರಿಂದ, ಅಂದು ವಾದಿ ಬರದಿದ್ದರೆ ದಾವೆ ವಜಾ ಎಂದು ಮುನ್ಸೀಫರು ಮೊದಲೇ ಹೇಳಿದ್ದರು. ನಾನು ಅಂದೂ ತಡ. ಚನ್ನಬಸಪ್ಪನವರು ಬಸ್ಸಿನ ಮುಂದೆಯೇ ನಿಂತುಬಿಟ್ಟಿದ್ದರಂತೆ. ಡ್ರೈವರ್ ಹಾರನ್ ಒತ್ತಿ ಒತ್ತಿ ಸೋತಿದ್ದ. ಕೋರ್ಟಿನ ಬೇವಿನ ಮರದ ಕೆಳಗೆ ಅವರ ವಕೀಲರಿಗೆ ಈ ವಿಷಯ ತಿಳಿದು, “ಏನ್ರಿ ನೀವು? ಆ ಬಸ್ಸು ಹೋಗಲಿಕ್ಕೆ ಬಿಟ್ಟಿದ್ದರೆ ಇವತ್ತೇ ಗೆದ್ದುಬಿಡುತ್ತಿದ್ದಿರಲ್ಲ” ಎಂದು ಹಣೆ ಹಣೆ ಚಚ್ಚಿಕೊಂಡರು. ಚನ್ನಬಸಪ್ಪನವರು, “ಅದು ಹೊಳೀಲಿಲ್ರಿ ಸಾಹೇಬ್ರ. ಒಂದ ಊರೋರು, ಬಿಟ್ಟು ಹೆಂಗ ಬರ್ಲಿ?” ಎಂದರು.

ಆ ಸಿಟ್ಟನ್ನೆಲ್ಲ ಅವರ ವಕೀಲರು ಪಾಟೀ ಸವಾಲಿನಲ್ಲಿ ನನ್ನ ಮೇಲೆ ತೀರಿಸಿಕೊಂಡರು. ನೀವು ಶಾಲೆಗೆ ದಿನಾ ತಡವಾಗಿ ಹೋಗುವುದು ನಿಜವೇ? ನಿಮ್ಮ ಮದುವೆಯ ಮುಹೂರ್ತ ಮೀರಿದ್ದು ನಿಜವೇ? ಪಂಚೆಯ ಸಂಗತಿ ಅವರಿಗೆ ಹೇಗೆ ತಿಳಿಯಿತು ಎಂದು ಚನ್ನಬಸಪ್ಪನವರ ಕಡೆ ನೋಡಿದೆ. ಅವರು ಮಾಡಿನ ಹೆಂಚು ನೋಡುತ್ತಿದ್ದರು. ಬಸ್ಸಿನಲ್ಲಿ ಶೇಂಗಾ ತಿನ್ನುತ್ತ ನಾನೇ ಹೇಳಿದ್ದು. ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿದ್ದೆನಾದ್ದರಿಂದ ಎಲ್ಲಕ್ಕೂ ಹೌದು ಹೌದು ಎಂದೆ. ಹೇಳಿ ಇಳಿದಾಗ ನಮ್ಮ ವಕೀಲರು ನನ್ನ ಮುಖ ನೋಡಲಿಲ್ಲ. ಸಂಜೆ ಸರೋಜ ಏನಾಯಿತೆಂದು ಕೇಳಿದ್ದಕ್ಕೆ, “ಎಲ್ಲಕ್ಕೂ ಹೌದು ಅಂದೆ” ಎಂದೆ.

ಮುಂದಿನ ವಾಯಿದೆಗೆ ಚನ್ನಬಸಪ್ಪನವರು ಕಟಕಟೆ ಹತ್ತಿದರು. ತಮ್ಮ ವಕೀಲರು ಹೇಳಿಕೊಟ್ಟಂತೆ ಸೊಗಸಾಗಿ ಹೇಳಿದರು. ಗೊತ್ತಾದ ದಿನ ತಾವು ಕಚೇರಿ ತೆರೆಯುವ ಮೊದಲೇ ಹೋಗಿ ಕುಳಿತದ್ದು, ಮೇಷ್ಟ್ರು ಬರಲಿಲ್ಲವಾದ್ದರಿಂದ ಕರಾರು ಅಂದೇ ಮುರಿದದ್ದು. ನಮ್ಮ ವಕೀಲರು ಎದ್ದರು.

“ಆ ದಿನ ಸಂಜೆಗಾದರೂ ಮೇಷ್ಟ್ರು ಬಂದರೋ ಇಲ್ಲವೋ?”

“ಬಂದ್ರು ಸ್ವಾಮಿ. ಶೇಂಗಾ ಲಾರ್ಯಾಗ.”

“ಬರಿಗೈಯಲ್ಲಿ ಬಂದರೋ?”

“ಬರಿಗೈಲೆ ಎಲ್ಲಿ? ರೊಕ್ಕದ ಚೀಲ ಎದಿಗೆ ಅವಚಿಕ್ಯಂಡು ಬಂದಿದ್ರು. ಮೈಯೆಲ್ಲ ಧೂಳು. ಟೀ ಕೊಡಿಸಿದ್ರ ಗ್ಲಾಸು ಹಿಡಿಯಾಕ ಚೀಲ ಬಿಡವಲ್ರು. ಕಡೀಕ ನಾನ ಗ್ಲಾಸು ಹಿಡಿದು ಕುಡಿಸೀನ್ರಿ.”

ಕೋರ್ಟಿನಲ್ಲಿ ನಗು ಎದ್ದಿತು. ಅವರ ವಕೀಲರು ಕೆಮ್ಮಿದರು. ಚನ್ನಬಸಪ್ಪನವರಿಗೆ ಆ ಕೆಮ್ಮಿನ ಅರ್ಥವಾಗಲಿಲ್ಲ.

“ಆಮೇಲೆ ಈ ದಾವೆಯ ಯಾವುದಾದರೂ ವಾಯಿದೆಗೆ ಮೇಷ್ಟ್ರು ತಪ್ಪಿಸಿದ್ದಾರೆಯೇ?”

“ಒಂದೂ ಇಲ್ರಿ. ಹೆಂಗ ತಪ್ಪಸ್ತಾರ? ನಾ ಬಸ್ಸು ನಿಂದ್ರಸ್ತೀನಲ್ಲ.”

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಮೆಲ್ಲಗೆ, “ಹಾಗೆ ಯಾಕೆ ಹೇಳಿದಿರಿ?” ಎಂದು ಕೇಳಿದೆ. “ಇದ್ದದ್ದ ಅಂದೆ. ಸುಳ್ಳು ಹೇಳಾಕ ಟಿಕೀಟು ತಗಂಡು ಕೂಡ್ಲಿಗಿತನಕ ಬರ್ಬೇಕಾ ಮೇಷ್ಟ್ರ? ಊರಾಗ ಕುಂತು ಹೇಳಿದ್ರಾತಿತ್ತು” ಎಂದು ಚೀಲದಿಂದ ಇನ್ನೊಂದು ಹಿಡಿ ಶೇಂಗಾ ತೆಗೆದು ನನ್ನ ಅಂಗೈಗೆ ಸುರಿದರು.

ತೀರ್ಪು ಬಂತು. ವಾದಿಯು ತಡಮಾಡುವ ಸ್ವಭಾವದವನಾದರೂ, ಲಾರಿಯ ಮೇಲೆ ಹಣ ಅವಚಿಕೊಂಡು ಬಂದದ್ದನ್ನು ಪ್ರತಿವಾದಿಯೇ ಒಪ್ಪಿರುವುದರಿಂದ, ಅವನು ಸದಾ ಸಿದ್ಧನೂ ಸದಾ ಇಚ್ಛುಕನೂ ಆಗಿದ್ದನೆಂದು ಕೋರ್ಟು ನಂಬುತ್ತದೆ, ಪ್ರತಿವಾದಿ ಖರೀದಿ ಪತ್ರ ಮಾಡಿಕೊಡತಕ್ಕದ್ದು. ನಾನು ಉಳಿದ ಹಣ ಕಟ್ಟಿದೆ, ರಿಜಿಸ್ಟ್ರಿಗೆ ದಿನ ಗೊತ್ತಾಯಿತು. ಆದರೆ ನಮ್ಮ ವಕೀಲರು ಒಂದು ಹುಳ ಬಿಟ್ಟರು. “ಅವರು ಬಳ್ಳಾರಿಗೆ ಮೇಲ್ಮನವಿ ಹೋಗಬಹುದು. ಹೋದರೆ ಇನ್ನಷ್ಟು ವರ್ಷ. ರಿಜಿಸ್ಟ್ರಿಯ ದಿನ ಬಂದರೋ, ಹೋಗಲಿಲ್ಲ ಅಂತ ತಿಳಿಯಿರಿ. ಬರಲಿಲ್ಲವೋ, ಹೋದರು ಅಂತಲೇ.” ಚನ್ನಬಸಪ್ಪನವರನ್ನು ನೇರವಾಗಿ ಕೇಳಲು ನನಗೆ ನಾಲಿಗೆ ಏಳಲಿಲ್ಲ. ಡಬರಿಯೂ ಆ ವಾರ ಅವರ ಮನೆಗೆ ಹೋದದ್ದು ಹಿಂದಿರುಗಿ ಬಂದಿರಲಿಲ್ಲ. ಸರೋಜ ದಿನಕ್ಕೆಷ್ಟು ಸಲವೋ ಬಾಗಿಲ ಕಡೆ ನೋಡುತ್ತಿದ್ದಳು.

ರಿಜಿಸ್ಟ್ರಿಯ ದಿನ ಒಂದು ಪವಾಡ ನಡೆಯಿತು. ನಾನು ಹೊತ್ತಿಗೆ ಮುಂಚೆ ತಯಾರಾದೆ. ಎರಡೂ ಕೆನ್ನೆಯ ಕ್ಷೌರ ಮುಗಿದಿತ್ತು. ಗೋಡೆಯ ಗಡಿಯಾರ ನೋಡಿದರೆ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಸರೋಜ, “ನೀವು ಮುಂದ ನಡೀರಿ, ನಾ ಹಿಂದಿಂದ ಬರ್ತೀನಿ” ಎಂದಳು. ಬಸ್ ಸ್ಟ್ಯಾಂಡಿಗೆ ಹೋದರೆ ಒಂದು ಬಸ್ಸು ನಿಂತಿತ್ತು, ಚನ್ನಬಸಪ್ಪನವರು ಇರಲಿಲ್ಲ. ಇಷ್ಟು ವರ್ಷದಲ್ಲಿ ಅವರಿಲ್ಲದ ಬಸ್ಸನ್ನು ನಾನು ಕಂಡೇ ಇರಲಿಲ್ಲ. ಆದರೂ ಕಿಟಕಿಯಿಂದ ನನ್ನ ಟವೆಲು ಒಗೆದು ಅವರಿಗೊಂದು ಸೀಟು ಹಿಡಿದೆ. ಬಸ್ಸು ಹೊರಡುವಾಗ ಬಾಗಿಲಲ್ಲಿ ಒಂದು ಕಾಲು ಕೆಳಗಿಟ್ಟು ನಿಂತು, “ತಡಿಯಪ್ಪ, ಒಬ್ಬರು ಬರುವವರಿದ್ದಾರೆ” ಎಂದೆ. ಒಳಗಿನವರು ಬೈದರು. ಹರಪನಹಳ್ಳಿಯ ಕಡೆಯಿಂದ ಬಂದಿದ್ದ ಮುದುಕರೊಬ್ಬರು, “ಮನಷ್ಯಾಗ ಹೊತ್ತಿನ ಖಬರು ಇರ್ಬೇಕು” ಎಂದು ನನಗೆ ಬುದ್ಧಿ ಹೇಳಿದರು. ಕೊನೆಗೆ ಕಂಡಕ್ಟರ್ ನನ್ನ ಟವೆಲನ್ನು ಹೊರಗೆ ಎಸೆದು ಸೀಟಿ ಊದಿದ.

ಬಸ್ಸು ಹೋದ ಮೇಲೆ ಕಟ್ಟೆಯ ಮೇಲೆ ಕುಳಿತೆ. ಬಳ್ಳಾರಿ, ಮೇಲ್ಮನವಿ, ಮತ್ತಷ್ಟು ವರ್ಷ, ಮುಚ್ಚಳ ಎತ್ತುವ ಮುದುಕಿ, ಗೋಡೆಯ ಕಡೆ ಮುಖ ಮಾಡಿ ನಿಲ್ಲುವ ಸರೋಜ. ಅವಳಿಗೆ ಏನು ಹೇಳಲಿ? ಕಾಯುವುದೆಂದರೆ ಎಷ್ಟು ಕಷ್ಟ ಎಂಬುದು ನನಗೆ ಅಂದು ಗೊತ್ತಾಯಿತು. ಚನ್ನಬಸಪ್ಪನವರು ಕೂಡ್ಲಿಗಿಯ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕುಳಿತದ್ದು ನೆನಪಾಗಿ, ಅವರು ಮೇಲ್ಮನವಿ ಹೋದರೂ ತಪ್ಪಿಲ್ಲ ಅನ್ನಿಸಿತು. ಬಹಳ ಹೊತ್ತಿನ ಮೇಲೆ ಬೀದಿಯ ತುದಿಯಲ್ಲಿ ಅವರು ಕಾಣಿಸಿಕೊಂಡರು. ಹೊಸ ರುಮಾಲು ಸುತ್ತಿದ್ದರು. ಹಿಂದೆ ಡಬರಿ ಹಿಡಿದ ಗಂಗಮ್ಮ, ಜೊತೆಗೆ ಸರೋಜ, ಮೂವರೂ ನಿಧಾನವಾಗಿ ಮಾತಾಡಿಕೊಂಡು ಬರುತ್ತಿದ್ದರು. ನಾನು ಓಡಿಹೋಗಿ, “ಬಸ್ಸು ಹೋಯಿತಲ್ಲ ಚನ್ನಬಸಪ್ಪನವರೆ” ಎಂದೆ. ಅವರು ನನ್ನನ್ನು ಮೇಲೆ ಕೆಳಗೆ ನೋಡಿದರು. “ಅದು ಮೊದಲನೇ ಬಸ್ಸು ಮೇಷ್ಟ್ರ. ನಮ್ಮ ಬಸ್ಸು ಇನ್ನೂ ಬಂದಿಲ್ಲ. ನೀವು ಇಷ್ಟು ಲಗೂನ ಯಾಕ ಬಂದ್ರಿ, ಮೈಯಾಗ ಹುಷಾರದೀರಾ?”

ಸರೋಜ ಸೆರಗನ್ನು ಬಾಯಿಗೆ ಹಿಡಿದಿದ್ದಳು. “ಗಡಿಯಾರ ಒಂದು ತಾಸು ಮುಂದ ಇಟ್ಟಿದ್ದೆರಿ” ಎಂದಳು. ಮೇಲ್ಮನವಿಯ ಸಂಗತಿಯನ್ನು ಗಂಗಮ್ಮನೇ ಬಿಡಿಸಿ ಹೇಳಿದರು. ಬಸ್ ಸ್ಟ್ಯಾಂಡು ಊರಿನ ಆ ಕಡೆಗೆ ಹೋಗುವುದು ಖಾಯಂ ಆಯಿತಂತೆ. ಆಗದಿದ್ದರೂ, “ಬಳ್ಳಾರಿಗೆ ಹೋದ್ರ ನಾ ತೆಲಿಗಿಗೆ ಹೋಗ್ತೀನಿ ಅಂದೀನಿ. ಡಬರಿ ಹೊತ್ಕಂಡು ಆ ಓಣಿತನಕ ಎಷ್ಟು ದಿನ ತಿರುಗ್ಲಿ? ನೀವು ಮಗ್ಗಲಕ ಬಂದ್ರ ಗ್ವಾಡಿ ಮ್ಯಾಲಿಂದ ಕೊಟ್ಟೇನು.” ಡಬರಿ ತಡವಾದದ್ದು ಅದರಲ್ಲಿ ಹಾಕಲು ಕರಿಗಡುಬು ಮಾಡಬೇಕಿದ್ದರಿಂದ. ಅಂದು ಕೂಡ್ಲಿಗಿಯಲ್ಲಿ ಪತ್ರಕ್ಕೆ ರುಜುವಾದ ಮೇಲೆ ಎರಡೂ ಸಂಸಾರದವರು ಕಚೇರಿಯ ಕಟ್ಟೆಯ ಮೇಲೆ ಕುಳಿತು ಅದನ್ನು ತಿಂದೆವು. ಸರೋಜ ಕೈ ತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು, ಆದರೆ ಉಳ್ಳಾಗಡ್ಡಿಯ ಸುದ್ದಿ ಎತ್ತುವವರು ಅಲ್ಲಿ ಯಾರೂ ಇರಲಿಲ್ಲ.

ಮನೆ ಕಟ್ಟಿದ್ದಾಯಿತು. ಅಡಿಗೆಮನೆಗೆ ಒಂದೇ ಬಾಗಿಲು, ಅದಕ್ಕೆ ಒಳಗಿನಿಂದ ಚಿಲಕ. ನುಗ್ಗೆ ಈಗ ಮಾಡಿಗಿಂತ ಎತ್ತರವಿದೆ. ಗೋಡೆಯ ಗಡಿಯಾರವನ್ನು ಸರೋಜ ಇಂದಿಗೂ ಒಂದು ತಾಸು ಮುಂದೆಯೇ ಓಡಿಸುತ್ತಾಳೆ. ನಾನು ಗಣಿತದ ಮೇಷ್ಟ್ರಾದ್ದರಿಂದ ಆ ಒಂದು ತಾಸನ್ನು ಮನಸ್ಸಿನಲ್ಲೇ ಕಳೆದು, ಉಳಿದ ಹೊತ್ತನ್ನು ಲೆಕ್ಕ ಹಾಕುತ್ತ ಕುಳಿತು, ಎಂದಿನಂತೆ ತಡಮಾಡುತ್ತೇನೆ. ಗೋಡೆಯಾಚೆಯಿಂದ ಚನ್ನಬಸಪ್ಪನವರು, “ಮೇಷ್ಟ್ರ, ಬಸ್ಸು ನಿಂದ್ರಸ್ಲೇನು?” ಎಂದು ಕೂಗುತ್ತಾರೆ. ಸರೋಜ ಒಳಗಿನಿಂದ, “ಕೋರ್ಟಿನ್ಯಾಗ ಬರೆಸಿಕ್ಯಂಡು ಬಂದೋರು, ಜಳಕಕ್ಕಾದ್ರೂ ಏಳ್ರಿ” ಎನ್ನುತ್ತಾಳೆ. ಮೇಲ್ಮನವಿಯ ಅವಧಿ ಎಂದೋ ಮುಗಿದಿದೆ, ನಾನು ಸದಾ ಸಿದ್ಧನೆಂಬುದನ್ನು ಇನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ ಎಂದು ಅವಳಿಗೆ ತೀರ್ಪಿನ ನಕಲು ತೋರಿಸಿ ವಕೀಲರ ಭಾಷೆಯಲ್ಲೇ ವಿವರಿಸಿ ನೋಡಿದ್ದೇನೆ. ಆದರೆ ಅದೇ ವಕೀಲರು ಒಮ್ಮೆ ಹೇಳಿದ್ದರು, ತೀರ್ಪು ಕಟ್ಟಿಹಾಕುವುದು ದಾವೆಯ ಪಕ್ಷಗಾರರನ್ನು ಮಾತ್ರ. ಆ ದಾವೆಯಲ್ಲಿ ಸರೋಜಳನ್ನೂ ಸೇರಿಸಿಕೊಳ್ಳಬೇಕಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.